ಹಲ್ಲಿರಾಯನ ಲೊಚ್

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಗಿಳಿ ಎಂದೇ ಕರೆಯುತ್ತಿದ್ದರು. ಮಂತ್ರಿಯ ಕೆಮ್ಮಿನಿಂದ ಹಿಡಿದು ಸ್ವಂತ ಮಾವನ ಗೊರಕೆಯವರೆಗೆ ಒಮ್ಮೆ ಕೇಳಿದ್ದನ್ನು ಹಾಗೆಯೇ ಒಪ್ಪಿಸುವವನು. ಆದರೆ ಈ ಗಿಳಿ ಹೆಸರು ಮಾಡಿದ್ದು ಹಲ್ಲಿಯಾಗಿ. ಗೋಡೆ ಹತ್ತಿ ಕಳ್ಳರನ್ನು ಹಿಡಿಯುವ ‘ಹಲ್ಲಿರಾಯ’ ವಿಡಿಯೋ ಗೇಮಿಗೆ ಮೊದಲಿನಿಂದಲೂ ಅವನದೇ ಧ್ವನಿ. ಪ್ರತಿ ನೆಗೆತಕ್ಕೂ ಮುಂಚೆ ಹಲ್ಲಿರಾಯ ‘ಲೊಚ್’ ಎನ್ನುತ್ತಿದ್ದ. ಆ ಹಲ್ಲಿಯ ಗುಟ್ಟು ಗಿಳಿಯ ಹಲ್ಲಿನಲ್ಲಿತ್ತು. ಸರಿಯಾಗಿ ಹೇಳಬೇಕೆಂದರೆ, ಇಲ್ಲದ ಹಲ್ಲಿನಲ್ಲಿ. ಕೋರೆಹಲ್ಲು ಬಿದ್ದ ಸಂದಿಗೆ ನಾಲಗೆ ಒತ್ತಿ ಎಳೆದರೆ ಆ ಸದ್ದು. ಹಲ್ಲು ಕಟ್ಟಿಸಿಕೊಳ್ಳಿ ಎಂದು ಹೆಂಡತಿ ಎಷ್ಟು ಗೋಗರೆದರೂ ಅವನು ಜಗ್ಗಿರಲಿಲ್ಲ.

ಗೇಮು ಅನಿಮೇಷನ್ ಸಿನಿಮಾ ಆಯಿತು. ಹಲ್ಲಿರಾಯನ ಧ್ವನಿ ದೊಡ್ಡ ನಾಯಕನಟನೊಬ್ಬನ ಪಾಲಾಯಿತು. ಪೋಸ್ಟರಿನಲ್ಲಿ ಹಲ್ಲಿಗಿಂತ ಅವನ ಮುಖವೇ ದೊಡ್ಡದು. ಗಿಳಿ ಮುಖ ಊದಿಸಿಕೊಂಡು ಮೂಲೆ ಹಿಡಿದ.

“ಪಾತ್ರ ಹೋದ್ರೆ ಹೋಯ್ತು, ಪಾತ್ರೆ ಎಲ್ಲೂ ಹೋಗಿಲ್ಲ. ಸಿಂಕ್ ತುಂಬಾ ಇದಾವೆ, ಬನ್ನಿ,” ಎಂದಳು ಹೆಂಡತಿ.

ಉರಿಯುವ ಹೊಟ್ಟೆಗೆ ತುಪ್ಪ ಸುರಿದಂತೆ ಸ್ಟುಡಿಯೋದಿಂದ ಫೋನ್ ಬಂತು. ನಟನಿಗೆ ಡಬ್ಬಿಂಗ್ ಹೊಸದು. ಗಿಳಿ ಮೊದಲು ಎಲ್ಲ ಮಾತನ್ನೂ ಆಡಿ ರೆಕಾರ್ಡ್ ಮಾಡಿಕೊಡಬೇಕು; ನಟ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಸಾಲು ಸಾಲಾಗಿ ಒಪ್ಪಿಸುತ್ತಾನೆ. ಅಂದರೆ ಗಿಳಿಯಿಂದಲೇ ಗಿಳಿಪಾಠ. ಅವನು ಹೋದ, ಎಲ್ಲವನ್ನೂ ಆಡಿದ, ಲೊಚ್ ಒಂದನ್ನು ಮಾತ್ರ ನುಂಗಿಕೊಂಡ. ಅದೊಂದಾದರೂ ತನ್ನದಾಗಿ ಉಳಿಯಲಿ.

ನಟ ಬಂದ. ಹಾಳಾದವನು ಒಳ್ಳೆಯವನೂ ಆಗಿದ್ದ. ಬಾಗಿಲು ಕಾಯುವವನನ್ನೂ ಮಾತಾಡಿಸಿದ, ಗಾಜಿನಾಚೆ ನಿಂತು ಗಿಳಿಯ ಸಾಲುಗಳನ್ನು ಅಚ್ಚೊತ್ತಿದಂತೆ ಆಡಿದ. ಮೊದಲ ನೆಗೆತ ಬಂದಾಗ ಹೆಡ್‌ಫೋನ್ ತೆಗೆದು ಗಿಳಿಯತ್ತ ತಿರುಗಿದ.

“ಅಣ್ಣಾ, ಇಲ್ಲಿ ಲೊಚ್ ಅನ್ಬೇಕಲ್ವಾ? ನನ್ನ ಮಗಳು ಹಲ್ಲು ಬಿದ್ದಾಗಿಂದ ದಿನಾ ಮಾಡ್ತಾಳೆ.”

ಗಿಳಿ ಮರೆತೆ ಎಂದು ತೊದಲಿದ. ನಟ ನಾಲಗೆ ಮಡಚಿದ, ತುಟಿ ತಿರುಚಿದ. ಮುತ್ತು ಕೊಟ್ಟ ಸದ್ದು ಬಂತೇ ಹೊರತು ಹಲ್ಲಿ ಬರಲಿಲ್ಲ. ಅವನಿಗೆ ಮೂವತ್ತೆರಡೂ ಹಲ್ಲು, ಒಂದೊಂದೂ ಜಾಹೀರಾತಿಗೆ ಲಾಯಕ್ಕು. ಗಿಳಿಯ ಹೊಟ್ಟೆ ಆ ದಿನ ಮೊದಲ ಸಲ ತಣ್ಣಗಾಯಿತು. ಕೊನೆಗೆ ಸೌಂಡ್ ಇಂಜಿನಿಯರ್ ಲೊಚ್‌ಗಳನ್ನು ಮಾತ್ರ ಗಿಳಿಯಿಂದಲೇ ಮಾಡಿಸಿ ಸೇರಿಸಿದ.

ಸಿನಿಮಾ ಗೆದ್ದಿತು. ಒಂದು ಸಂಜೆ ಟಿವಿ ಸಂದರ್ಶನದಲ್ಲಿ ನಟ, ಆ ಲೊಚ್ ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೆವರು ಸುರಿಸಿದೆ ಎಂದ.

“ನೋಡೇ, ನನ್ನ ಬಾಯಲ್ಲಿರೋ ಸಂದೀನೂ ಅವನದಂತೆ,” ಎಂದ ಗಿಳಿ.

ಒಂದೇ ಒಂದು ಸಲ ಮಾಡಿ ತೋರಿಸಿ ಎಂದು ಸಂದರ್ಶಕಿ ಪಟ್ಟು ಹಿಡಿದಳು. ನಟ ನಕ್ಕ, ಬಾಯಿ ತೆರೆದ. ಕ್ಯಾಮೆರಾ ಅವನ ತುಟಿಯ ಹತ್ತಿರ ಬಂತು. ಗಿಳಿ ಸೋಫಾದ ಅಂಚಿಗೆ ಸರಿದ. ಇವನ ಮರ್ಯಾದೆ ಹೋಗಲಿ, ಹೋಗಲಿ ಎಂದು ಮನಸ್ಸು ಹಾರೈಸುತ್ತಿದ್ದರೆ, ಇಷ್ಟು ವರ್ಷದ ಅಭ್ಯಾಸಕ್ಕೆ ನಾಲಗೆ ತಾನಾಗಿಯೇ ಸಂದಿ ಹುಡುಕಿಕೊಂಡು ಹೋಯಿತು. ನಟನ ತುಟಿ ಅಲುಗಿದ ಕ್ಷಣಕ್ಕೇ ಸೋಫಾದಿಂದ ಲೊಚ್ ಎಂದು ಸದ್ದು ಬಂತು.

ಹೆಂಡತಿ ಟಿವಿಯನ್ನೇ ನೋಡುತ್ತಿದ್ದಳು.

“ಪಾಪ, ಸುಮ್ನೆ ಬೈದ್ರಲ್ಲ ರೀ,” ಎಂದಳು. “ಎಷ್ಟು ಚೆನ್ನಾಗಿ ಮಾಡ್ದ ನೋಡಿ.”