ಮಗು ಹಿಡಿಯುವವರು

ಹೊಸ ಫಾದರ್ ಆ ಊರಿಗೆ ಬಂದು ಎರಡು ವರ್ಷವಾಗಿತ್ತು. ಆದರೂ ಜನರ ಬಾಯಲ್ಲಿ ಅವರು ಹೊಸ ಫಾದರ್ರೇ. ಕಾಲಿನ ಚಪ್ಪಲಿ ಕೂಡ ಎರಡು ವರ್ಷಕ್ಕೆ ಹಳೆಯದಾಗುತ್ತದೆ, ತಾನು ಮಾತ್ರ ಆಗಲಿಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಕುದಿತ. ಅವರಿಗಿಂತ ಮುಂಚೆ ಮೂವತ್ತು ವರ್ಷ ಇಲ್ಲಿದ್ದು, ಈಗ ಪಟ್ಟಣದ ವಿಶ್ರಾಂತಿಗೃಹ ಸೇರಿದವರು ದೊಡ್ಡ ಫಾದರ್. ಎತ್ತರ ನೋಡಿದರೆ ಹೊಸ ಫಾದರ್‌ರ ಭುಜಕ್ಕೂ ಬರುವುದಿಲ್ಲ, ಆದರೆ ಊರಿನ ಲೆಕ್ಕದಲ್ಲಿ ಅವರೇ ದೊಡ್ಡವರು. ಇಬ್ಬರೂ ಸಮುದ್ರ ದಾಟಿ ಬಂದವರು, ಇಬ್ಬರೂ ಸಾರುವುದು ಅದೇ ಸುವಾರ್ತೆ. ಹಾಗಿದ್ದ ಮೇಲೆ ಒಬ್ಬರನ್ನು ತಲೆಯ ಮೇಲೆ ಹೊತ್ತು ಮೆರೆಸುವುದು, ಇನ್ನೊಬ್ಬರಿಗೆ ಒಂದು ನಮಸ್ಕಾರ ಎಸೆದು ಮುಂದೆ ಹೋಗುವುದು ಯಾವ ನ್ಯಾಯ?

ಆ ದೊಡ್ಡ ಫಾದರ್ ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬೆಳಿಗ್ಗೆಯಿಂದಲೇ ಅಡುಗೆಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಹೊಸ ಫಾದರ್ ಎಂದೂ ಕಂಡಿರದ ಪಿಂಗಾಣಿ ಬಟ್ಟಲುಗಳು ಕಪಾಟಿನಿಂದ ಇಳಿದು, ತೊಳೆಸಿಕೊಂಡು, ಮೇಜಿನ ಮೇಲೆ ಸಾಲಾಗಿ ಕೂತವು.

"ಇಷ್ಟು ದಿನ ಇವೆಲ್ಲ ಎಲ್ಲಿದ್ದವಮ್ಮ?"

"ಇಲ್ಲೇ ಇದ್ವು ಫಾದರ್. ಒಡೆದುಹೋದ್ರೆ ಅಂತ ತೆಗೀತಿರ್ಲಿಲ್ಲ."

"ದೊಡ್ಡ ಫಾದರ್ ಕೈಯಲ್ಲಿ ಒಡೆಯೋದಿಲ್ವಾ?"

"ಅವ್ರು ಒಡೆದ್ರೆ ಒಡೀಲಿ ಬಿಡಿ," ಎಂದು ಆಕೆ ನಕ್ಕಳು.

ಹೊಸ ಫಾದರ್ ತಮ್ಮ ಎಂದಿನ ಲೋಟದಲ್ಲೇ ಚಹಾ ಕುಡಿದು ಎದ್ದರು.

ಬಟ್ಟಲಿನದು ಹಾಗಿರಲಿ, ನುಂಗಲಾರದ ತುತ್ತಾಗಿದ್ದದ್ದು ಟೈಲರಮ್ಮನ ಮಗುವಿನ ವಿಷಯ. ಚರ್ಚಿನ ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಈಕೆಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೇ ಸಲ ನೋವು ಬಂದಾಗ ಗಂಡ ಬಸ್ಸು ಓಡಿಸಿಕೊಂಡು ಎಲ್ಲೋ ದೂರದಲ್ಲಿದ್ದ. ಅವಳನ್ನು ಮಿಷನ್ನಿನ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದವರು ಯಾರು? ಕಾರಿಡಾರಿನ ಬೆಂಚಿನ ಮೇಲೆ ಬೆನ್ನು ಹಿಡಿದುಕೊಳ್ಳುವವರೆಗೆ ಕೂತು ಪ್ರಾರ್ಥಿಸಿದವರು ಯಾರು? ಇಷ್ಟೆಲ್ಲ ಆಗಿ, ಇವತ್ತು ಸಂಜೆ ಆ ಮಗುವಿಗೆ ಜ್ಞಾನಸ್ನಾನ ಕೊಡುವವರು ಮಾತ್ರ ದೊಡ್ಡ ಫಾದರ್!

ಹೋದ ವಾರ ಟೈಲರಮ್ಮ ಬಂದು ಹೇಳಿದ್ದಳು. "ನೀರು ದೊಡ್ಡ ಫಾದರ್ ಹಾಕ್ಲಿ. ಮಗು ಮಾತ್ರ ನೀವೇ ಹಿಡ್ಕೋಬೇಕು." ಅವರು ಮುಖ ಗಂಟಿಕ್ಕಿಕೊಂಡು, ನೋಡೋಣ, ಎಂದಿದ್ದರು. ಹಿಡ್ಕೋಬೇಕಂತೆ! ಒಬ್ಬರು ಎಲ್ಲರ ಕಣ್ಣೆದುರು ಮಗುವಿನ ತಲೆಗೆ ನೀರು ಹಾಕಿ ಹೆಸರಿಡುವುದು, ಇನ್ನೊಬ್ಬರು ಪಕ್ಕದಲ್ಲಿ ಟವೆಲ್ ಸ್ಟ್ಯಾಂಡಿನ ಹಾಗೆ ಮಗು ಹಿಡಿದು ನಿಲ್ಲುವುದು.

ಇವತ್ತು ಅವಳು ಉತ್ತರ ಕೇಳಲು ಮತ್ತೆ ಬಂದಳು. ಹೊಸ ಫಾದರ್ ಅಂಗಳದಲ್ಲಿ ವ್ಯಾನಿಗೆ ನೀರು ಹಾಕುತ್ತಿದ್ದರು. ಅವಳ ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಮುಖದಲ್ಲಿ ಅದೇನೋ ಖುಷಿ.

"ಏನು ಯೋಚ್ನೆ ಮಾಡಿದ್ರಿ ಫಾದರ್? ಹಿಡ್ಕೊಳ್ತೀರಲ್ಲ?"

"ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಮ್ಮ," ಎಂದರು ಫಾದರ್, ಬಕೆಟ್ಟಿನಿಂದ ತಲೆ ಎತ್ತದೆ. "ನನಗೆ ಬೇರೆ ಕೆಲಸ ಇದೆ."

ಅವಳು ಕತ್ತಿನ ಟೇಪು ತೆಗೆದು ಕೈಗೆ ಸುತ್ತಿಕೊಂಡಳು. "ನಿಮ್ಗೆ ಇಷ್ಟ ಇಲ್ದಿದ್ರೆ ಬೇಡ ಫಾದರ್," ಎಂದು ಸಣ್ಣ ದನಿಯಲ್ಲಿ ಹೇಳಿ ಹೊರಟುಹೋದಳು. ಚುರುಕು ಮುಟ್ಟಿತು, ಸರಿಯಾಯಿತು, ಎಂದುಕೊಂಡರು ಹೊಸ ಫಾದರ್. ಆ ಸಮಾಧಾನ ಊಟದ ಹೊತ್ತಿನವರೆಗೂ ಬಾಳಲಿಲ್ಲ.

ಬಸ್ ನಿಲ್ದಾಣದಲ್ಲಿ ಜನವೋ ಜನ. ದೊಡ್ಡ ಫಾದರ್ ಇಳಿಯುವುದೇ ತಡ, ಮುತ್ತಿಕೊಂಡರು. ಅವರು ಒಬ್ಬಳ ಮಂಡಿನೋವು ವಿಚಾರಿಸಿದರು, ಇನ್ನೊಬ್ಬನ ಸೊಸೆಯನ್ನು ಕೇಳಿದರು, ಕ್ಷೌರದವನ ಬೋಳುತಲೆ ಸವರಿ, "ನಿನ್ನ ಕತ್ತರಿಗೆ ನೀನೇ ಮೊದಲು ಬಲಿಯಾದೆಯಲ್ಲೋ," ಎಂದು ಎಲ್ಲರನ್ನೂ ನಗಿಸಿದರು. ಅದೇ ಕ್ಷೌರದವನ ಹತ್ತಿರ ಹೊಸ ಫಾದರ್ ತಿಂಗಳಿಗೊಮ್ಮೆ ತಲೆ ಕೊಟ್ಟು ಕೂರುತ್ತಿದ್ದರು, ಒಂದು ದಿನವೂ ಆತ ಹಲ್ಲು ಬಿಟ್ಟದ್ದಿಲ್ಲ. ಆ ಗದ್ದಲದ ಹಿಂದೆ ದೊಡ್ಡ ಫಾದರ್‌ರ ಪೆಟ್ಟಿಗೆ ಹೊತ್ತು ಬಂದವರು ಯಾರೆಂದು ಬೇರೆ ಹೇಳಬೇಕೇ?

ಸಂಜೆ ಚರ್ಚಿನ ಪಕ್ಕದ ಕೋಣೆಯಲ್ಲಿ ದೊಡ್ಡ ಫಾದರ್ ನಿಲುವಂಗಿ ತೊಡುತ್ತಿದ್ದರು. ವಯಸ್ಸಾದ ಬೆರಳಿಗೆ ಗುಂಡಿ ಸಿಕ್ಕದ್ದರಿಂದ ಹೊಸ ಫಾದರ್ ಹಾಕಿಕೊಟ್ಟರು, ಹಾಕುವಾಗ ತುಸು ಬಿಗಿಯಾಗಿಯೇ ಎಳೆದರು.

"ನಿನ್ನ ಕಂಡ್ರೆ ಹೊಟ್ಟೆ ಉರೀತಿದೆ ಕಣಯ್ಯ," ಎಂದರು ದೊಡ್ಡ ಫಾದರ್.

ಹೊಸ ಫಾದರ್ ತಮ್ಮ ಕಿವಿಯನ್ನೇ ನಂಬಲಿಲ್ಲ. "ನನ್ನ ಕಂಡ್ರಾ?"

"ಮತ್ತೆ? ಮಗು ಹಿಡಿಯೋಕೆ ನಿನ್ನನ್ನ ಕೇಳಿದ್ದಾಳಂತೆ. ನನಗೆ ಕಾಗದ ಬರೆದಿದ್ಲು."

"ಹಿಡಿಯೋಕೆ ನಾನೇನು ಆಯಾನಾ?"

ದೊಡ್ಡ ಫಾದರ್ ಮೊದಲು ನಕ್ಕರು. ಎದುರಿನ ಮುಖ ನೋಡಿ ನಗು ನಿಲ್ಲಿಸಿದರು. "ಅಯ್ಯೋ ದಡ್ಡ, ಹಿಡಿಯೋದು ಅಂದ್ರೆ ಜ್ಞಾನತಂದೆ ಆಗೋದು. ಆ ದೊಡ್ಡ ಮಾತು ಇರೋದು ನಮ್ಮ ಪುಸ್ತಕದಲ್ಲಿ. ನಮ್ಮಂಥವರ ಮುಂದೆ ಮರ್ಯಾದೆಗೆ ಅದನ್ನೇ ಹೇಳ್ತಾರೆ. ಮನೆಯೊಳಗೆ, ತಮ್ಮವರ ಹತ್ತಿರ ಮಾತ್ರ 'ಮಗು ಹಿಡಿಯೋರು' ಅನ್ನೋದು. ಹಿಡಿದವನು ಆವತ್ತಿನಿಂದ ಆ ಮನೆಯವನೇ. ನೀರು ಹಾಕಿದ ಕೈಯಿಂದಲೇ ಹಿಡಿಯೋದಕ್ಕೆ ಆಗೋದಿಲ್ವಲ್ಲ, ಅದಕ್ಕೇ ಆ ಕೆಲಸದಿಂದ ನಿನ್ನನ್ನ ಬಿಡಿಸಿ ನನ್ನನ್ನ ಕರೆಸಿದಾಳೆ. ಮೂವತ್ತು ವರ್ಷ ಈ ಊರಿನ ಮಕ್ಕಳಿಗೆಲ್ಲ ನೀರು ಹಾಕಿದೆ. ಹಿಡ್ಕೊಳ್ಳಿ ಅಂತ ಒಬ್ಬರೂ ಕೇಳಲಿಲ್ಲ ನನ್ನ."

ಹೊಸ ಫಾದರ್ ಕೊನೆಯ ಗುಂಡಿಯನ್ನು ಹಾಗೇ ಬಿಟ್ಟು ಓಡಿದರು.

ಚರ್ಚಿನ ಬಾಗಿಲಲ್ಲಿ ಟೈಲರಮ್ಮ ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು. ಪಕ್ಕದಲ್ಲಿ ಡ್ರೈವರ್ ಗಂಡ, ಅವನ ಪಕ್ಕದಲ್ಲಿ ಅವನ ಬಸ್ಸಿನ ಕಂಡಕ್ಟರ್. ಕಂಡಕ್ಟರನ ಅಂಗಿ ಹೊಚ್ಚ ಹೊಸದು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ನಾನು ಹಿಡ್ಕೊಳ್ತೀನಮ್ಮ," ಎಂದರು ಹೊಸ ಫಾದರ್ ಏದುಸಿರು ಬಿಡುತ್ತ. "ಬೆಳಿಗ್ಗೆ ನನಗೆ ಅರ್ಥ ಆಗಿರಲಿಲ್ಲ. ತಪ್ಪಾಯ್ತು."

ಟೈಲರಮ್ಮ ಕಂಡಕ್ಟರನ ಅಂಗಿ ನೋಡಿದಳು, ಗಂಡನ ಮುಖ ನೋಡಿದಳು. ಬಳಿಕ ಹೊಸ ಫಾದರ್ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಜ್ಞಾನತಂದೆ ಸಿಕ್ಕಿದ್ದಾರೆ ಫಾದರ್. ನೀವು ತೊಂದ್ರೆ ತಗೋಬೇಡಿ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ದೊಡ್ಡ ಫಾದರ್ ಒಂದು ಗುಂಡಿ ಬಿಟ್ಟುಕೊಂಡೇ ಬಂದು ನಿಂತರು. ಯಾರ ಕೈಯಲ್ಲಿ ಮಗುವಿದೆಯೆಂದು ನೋಡಿದರು, ಹೊಸ ಫಾದರನ್ನು ನೋಡಿದರು, ನೀರಿನ ಪಾತ್ರೆ ಎತ್ತಿಕೊಂಡರು. ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಬಿತ್ತು. ಹೊಸ ಫಾದರ್ ಕಂಬದ ಬಳಿ ನಿಂತಿದ್ದರು. ದೊಡ್ಡ ಫಾದರ್ ಮೇಲೆ ಅವರಿಗೀಗ ಎಳ್ಳಷ್ಟೂ ಅಸೂಯೆಯಿರಲಿಲ್ಲ. ಅದೆಲ್ಲ ಕಂಡಕ್ಟರನ ಕಡೆ ತಿರುಗಿತ್ತು. ಎಂದಾದರೂ ಮಗು ಎತ್ತಿದ್ದಾನೆಯೇ ಆ ಮನುಷ್ಯ? ಮೊಣಕೈ ಎಲ್ಲಿಡಬೇಕೆಂದೂ ಗೊತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವನೇ ಅವನು? ಹೊಟ್ಟೆಯೊಳಗೆ ಬೆಂಕಿ ಹೊತ್ತಿ ಉರಿಯುತ್ತಿತ್ತು, ಹೊತ್ತಿಸಿದವರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತಣ್ಣೀರಿಗೆ ಬೆಚ್ಚಿ ಮಗು ಕಿಟಾರನೆ ಕಿರುಚಿತು. ಕಂಡಕ್ಟರ್ ಗಾಬರಿಬಿದ್ದು ಸುತ್ತ ನೋಡಿದ. ನಿನ್ನೆಯವರೆಗೆ ಅವನನ್ನು ಕಂಡಕ್ಟ್ರೇ ಎಂದು ಬಹುವಚನದಲ್ಲಿ ಕರೆಯುತ್ತಿದ್ದ ಟೈಲರಮ್ಮ ನಗುತ್ತ ಬಾಗಿ, ಅವನ ಕೈ ಸರಿಮಾಡಿದಳು.

"ಅಣ್ಣಾ, ಹಾಗಲ್ಲ ಕಣೋ," ಎಂದಳು. "ತಲೆಗೆ ಕೈ ಕೊಡು."