ಸ್ಕೂಟಿ ಮಾರುವುದಿಲ್ಲ

ಎರಡನೆಯ ಸಲವೂ ನಾನು ಹೋಗಿ ಕಲ್ಲಿಗೇ ಗುದ್ದಿದೆ.

ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ಎರಡು ಕಲ್ಲು ಇಟ್ಟಿರುತ್ತಾರೆ. ಕಾಲು ನೆಲಕ್ಕೆ ಊರದೆ, ಅವನ್ನು ಸುತ್ತಿ ಇಂಗ್ಲಿಷಿನ ಎಂಟು ಬರೆದಂತೆ ಗಾಡಿ ಓಡಿಸಬೇಕು. ಚೆನ್ನೈಯವರು ‘ಎಟ್ಟು ಪೋಡ್ರದು’ ಎನ್ನುವುದು ಇದಕ್ಕೇ. ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗರು ಸರಾಗವಾಗಿ ಸುತ್ತಿ ಹೋಗುತ್ತಿದ್ದರು. ನನಗೋ ಕಲ್ಲು ಹತ್ತಿರವಾದಂತೆ ಒಳಗೊಂದು ದನಿ ಏಳುತ್ತಿತ್ತು. ನಲವತ್ತು ದಾಟಿದೆ, ಉಟ್ಟಿದ್ದು ಸೀರೆ, ನೆಟ್ಟಗೆ ತಮಿಳೂ ಬಾರದು, ಇದೆಲ್ಲ ನಿನಗೇಕೆ?

“ಅಡುತ್ತ ಮಾಸಂ ವಾಂಗಮ್ಮಾ,” ಎಂದು ಇನ್‌ಸ್ಪೆಕ್ಟರು ನನ್ನನ್ನು ಮುಂದಿನ ತಿಂಗಳಿಗೆ ದೂಡಿದರು.

ಮಗಳು ಸಂಗೀತಾಳ ಟ್ಯೂಷನ್ ಅಣ್ಣಾ ನಗರದಲ್ಲಿ. ಸಂಜೆಯ ಬಸ್ಸಿನಲ್ಲಿ ಅವಳು ನಜ್ಜುಗುಜ್ಜಾಗಿ ಬರುವುದನ್ನು ನೋಡಲಾರದೆ ನಾನೇ ಹಟ ಹಿಡಿದು ಸ್ಕೂಟಿ ಕೊಳ್ಳಿಸಿದ್ದೆ. ಅಂದು ರೊಟ್ಟಿ ಬಡಿಯುತ್ತಿದ್ದಾಗ ನನ್ನ ಗಂಡ ಸಿದ್ಧಲಿಂಗೇಶ್ ತಾಟಿನ ಮುಂದೆ ಕೂತು ಮಾತು ತೆಗೆದರು.

“ಸಾಕು ಬಿಡು ಮಂಗಳಾ. ಎಲ್ಲಾರಿಗೂ ಎಲ್ಲಾ ಬರಂಗಿಲ್ಲ. ನಮ್ಮ ಆಫೀಸಿನ ಮೋನಪ್ಪ ಗಾಡಿ ಕೇಳ್ಯಾನ. ಇನ್ನೊಂದು ಸಲ ನೋಡು, ಆಗಲಿಲ್ಲಂದ್ರ ಕೊಟ್ಟುಬಿಡೋಣು.”

“ಅಪ್ಪಾ ಸೊಲ್ರದು ಕರೆಕ್ಟ್ ಮಾ,” ಎಂದು ಸಂಗೀತಾಳೂ ಅಪ್ಪನ ಮಾತಿಗೇ ದನಿಗೂಡಿಸಿದಳು. “ನೀ ಬೀಳೋದು ನೋಡಕ್ಕಾಗಲ್ಲ.”

ನಾನು ರೊಟ್ಟಿಯನ್ನು ಹಂಚಿಗೆ ಹಾಕಿದೆ. ನನ್ನೊಳಗಿನ ದನಿಯೂ ಅದನ್ನೇ ಹೇಳುತ್ತಿರುವಾಗ ಯಾರ ಮೇಲೆ ರೇಗಲಿ?

ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ, ಶುರುವಾಗಿತ್ತು. ಬೆಳಗಾದರೆ ಬೀದಿಯ ಹೆಂಗಸರೆಲ್ಲ ಬಾಗಿಲ ಮುಂದೆ ಅಕ್ಕಿಹಿಟ್ಟಿನ ಕೋಲ ಹಾಕುತ್ತಾರೆ. ಪಕ್ಕದ ಮನೆಯ ಸೀತಾ ಮಾಮಿ ನನ್ನನ್ನೂ ಕೂರಿಸಿಕೊಂಡರು. ನಮ್ಮ ಕಡೆ ರಂಗೋಲಿಯೆಂದರೆ ಚುಕ್ಕಿಗೆ ಚುಕ್ಕಿ ಸೇರಿಸುವುದು. ಇಲ್ಲಿನ ಕೋಲದಲ್ಲಿ ಗೆರೆ ಚುಕ್ಕಿಯನ್ನು ಮುಟ್ಟಲೇಬಾರದು, ಬಳಸಿಕೊಂಡು ಹೋಗಬೇಕು. ನನ್ನ ಕೈ ಅಭ್ಯಾಸಬಲದಿಂದ ನೇರ ಚುಕ್ಕಿಯ ಮೇಲೇ ಹೋಯಿತು.

“ಅಯ್ಯೋ, ಪುಳ್ಳಿಯ ಪಾಕ್ಕಾದೇ ಡೀ!” ಎಂದರು ಮಾಮಿ.

ಚುಕ್ಕಿಯನ್ನು ನೋಡಬೇಡವಂತೆ. ಅದು ಇದ್ದಲ್ಲೇ ಇರುತ್ತದೆ, ನೀನು ಗೆರೆ ಹೋಗಬೇಕಾದ ಖಾಲಿ ಜಾಗ ನೋಡು ಎಂದು ನನ್ನ ಮೊಣಕೈ ಹಿಡಿದು ತಿರುಗಿಸಿದರು. ನನ್ನ ಬೆರಳ ಸಂದಿಯಲ್ಲಿ ಹಿಟ್ಟು ನಿಂತೇ ಹೋಯಿತು. ಮೈದಾನದಲ್ಲೂ ನಾನು ನೋಡುತ್ತಿದ್ದುದು ಕಲ್ಲನ್ನೇ!

ಆಮೇಲೆ ದಿನವೂ ಪಾತ್ರೆ ತೊಳೆದಾದ ಮೇಲೆ ಬೀದಿಯಲ್ಲಿ ಎರಡು ಪ್ಲಾಸ್ಟಿಕ್ ಕೊಡ ಇಟ್ಟು ಸುತ್ತಿದೆ. ಕೊಡ ಉರುಳಿದರೆ ಎತ್ತಿ ನಿಲ್ಲಿಸಿದೆ. ಎದುರುಮನೆಯ ಕಿಟಕಿಗಳು ನಕ್ಕವು. ಒಳಗಿನ ದನಿಯೂ ಹೋಗಲಿಲ್ಲ. ಇದ್ದರೆ ಇರಲಿ, ಅದೂ ಒಂದು ಚುಕ್ಕಿ ಎಂದುಕೊಂಡೆ. ಅದನ್ನು ಅಳಿಸುತ್ತ ಕೂರಲು ನನಗೆಲ್ಲಿ ಪುರುಸೊತ್ತು?

ಪರೀಕ್ಷೆಯ ದಿನ ತಂದೆ ಮಗಳು ಇಬ್ಬರೂ ಬಂದರು. ಸಂಜೆ ಬಂದು ಗಾಡಿ ನೋಡುವಂತೆ ಮೋನಪ್ಪನಿಗೆ ಆಗಲೇ ಹೇಳಿಯಾಗಿತ್ತು.

“ತಿರುಂಬವುಂ ವಂದುಟ್ಟೀಂಗಳಾ?” ಇನ್‌ಸ್ಪೆಕ್ಟರಿಗೆ ನಗು.

“ತಿರುಗಿ ಬಂದೆ ಸಾರ್. ಇವತ್ತೂ ಆಗದಿದ್ದರೆ ಮುಂದಿನ ತಿಂಗಳೂ ಬರ್ತೀನಿ.”

ಮೊದಲ ಕಲ್ಲು ದಾಟಿತು. ನಡುವೆ ತಿರುಗುವಾಗ ಮುಂದಿನ ಚಕ್ರ ಹೊಯ್ದಾಡಿತು. ಬಿದ್ದೆ, ಬಿದ್ದೆ ಎಂದಿತು ದನಿ.

“ಬಿದ್ರ ಎದ್ದೇಳ್ತೀನಿ, ಬಾಯಿ ಮುಚ್ಚು!” ಎಂದು ಗಟ್ಟಿಯಾಗಿಯೇ ಗದರಿದೆ. ಇನ್‌ಸ್ಪೆಕ್ಟರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕಲ್ಲಿನಾಚೆಯ ಖಾಲಿ ಮಣ್ಣನ್ನೇ ನೋಡುತ್ತ ಹ್ಯಾಂಡಲ್ ತಿರುಗಿಸಿದೆ. ಎರಡನೆಯ ಕಲ್ಲು ಎಡಕ್ಕೆ ಉಳಿಯಿತು. ಕಾಲು ನೆಲ ಮುಟ್ಟಲಿಲ್ಲ.

“ಪೋದುಮ್ಮಾ, ಪಾಸ್!” ಸಾಕೆಂದು ಇನ್‌ಸ್ಪೆಕ್ಟರು ಕೈಯೆತ್ತಿದರು.

“ಇರ್ರಿ ಸಾರ್!” ಎಂದು ಇನ್ನೊಂದು ಎಂಟು ಹಾಕಿಯೇ ನಿಂತೆ. ಸಾಲಿನಲ್ಲಿದ್ದ ಹುಡುಗರು ಶಿಳ್ಳೆ ಹೊಡೆದರು.

ಸಿದ್ಧಲಿಂಗೇಶ್ ತಲೆ ಕೆರೆದುಕೊಳ್ಳುತ್ತ ಬಂದರು. “ಈಗ ಮೋನಪ್ಪಗ ಏನ್ ಹೇಳ್ಲಿ?”

“ಗಾಡಿ ಕೊಡಂಗಿಲ್ಲಂತ ಹೇಳ್ರಿ. ನೀವು ಬಸ್ಸಿಗೆ ಬರ್ರಿ. ಹಿಂದಿನ ಸೀಟಿನ್ಯಾಗ ಸಂಗೀತಾ ಕೂಡ್ತಾಳ.”