ಪದ್ಮಾಕ್ಷಿ ಪಾಸಾದದ್ದು ಯಾರ ಕೋಳಿಯಿಂದ

ಮಂಗಳೂರು ಕಡೆಯ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನೆರಿಯದ ಕಾವೇರಮ್ಮನ ಮೊಮ್ಮಗಳು ಪದ್ಮಾಕ್ಷಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ್ದಾಳೆ ಎಂಬುದೇ ಆ ವರ್ಷ ಊರಿಗೆಲ್ಲ ಸುದ್ದಿ. ಪಾಸಾದರೆ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್. ಅದಕ್ಕೆಂದು ಹುಡುಗಿಯ ಅಪ್ಪ ಡೊಂಬಯ್ಯ ದೈವದ ಮುಂದೆ ನಾಲ್ಕು ಜನ ಕೇಳುವ ಹಾಗೆ ಹರಕೆ ಹೇಳಿಕೊಂಡ. ಮಗಳು ಪಾಸಾದರೆ ಒಂದು ಹುಂಜ.

ಕಾವೇರಮ್ಮನಿಗೆ ಈ ಹರಕೆ ಹಿಡಿಸಲಿಲ್ಲ. ತಾಯಿಯಿಲ್ಲದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು ಅವಳು. ಇವಳು ಮಂಗಳೂರಿಗೆ ಹೋದರೆ ಮನೆಯಲ್ಲಿ ಉಳಿಯುವುದು ತಾನು, ಡೊಂಬಯ್ಯ ಮತ್ತು ಡೊಂಬಯ್ಯನ ಗೊರಕೆ. ಮರುದಿನ ಒಬ್ಬಳೇ ದೈವದ ಕಟ್ಟೆಗೆ ಹೋಗಿ, ಮೊಮ್ಮಗಳು ಫೇಲಾದರೆ ಎರಡು ಹುಂಜ ಎಂದು ಕೈಮುಗಿದಳು. ಒಂದಕ್ಕಿಂತ ಎರಡು ಹೆಚ್ಚು ಎಂಬುದು ದೈವಕ್ಕೂ ಗೊತ್ತಿರುತ್ತದೆ ಎಂಬ ಧೈರ್ಯ ಅವಳದು.

ಆ ಧೈರ್ಯ ಡೊಂಬಯ್ಯ ಊಟಕ್ಕೆ ಕುಳಿತು ಆಡಿದ ಒಂದು ಮಾತಿಗೆ ಕರಗಿಹೋಯಿತು.

"ಫೇಲಾದರೆ ಮತ್ತೆ ಓದಿಸುವುದು ಬೇಡ ಅಮ್ಮ. ಶಿರ್ತಾಡಿಯಲ್ಲಿ ಒಂದು ಸಂಬಂಧ ಉಂಟು. ಮದುವೆ ಮಾಡಿ ಕಳಿಸುವ."

ಮುದುಕಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಟ್ರೈನಿಂಗಿಗೆ ಹೋದವಳು ರಜೆಗೆ ಬರುತ್ತಾಳೆ, ಮುಗಿದ ಮೇಲೆ ಊರ ಶಾಲೆಗೇ ಬಂದರೂ ಬಂದಾಳು. ಗಂಡನ ಮನೆಗೆ ಹೋದವಳು ಹೋದಳೇ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿಕೊಂಡ ಹರಕೆಯನ್ನು ಬದಲಿಸಬೇಕಾದರೆ ಹೇಳಿದ್ದನ್ನು ಮೊದಲು ಒಪ್ಪಿಸಿ, ತಪ್ಪಾಯಿತೆಂದು ಬೇಡಬೇಕು. ಪರೀಕ್ಷೆಗೆ ಮುಂಚೆ ಬಂದ ಸಂಕ್ರಮಣದಂದು ಅವಳು ಎರಡೂ ಹುಂಜಗಳನ್ನು ಒಪ್ಪಿಸಿ, ಹೇಗಾದರೂ ಹುಡುಗಿ ಪಾಸಾಗಲಿ ಎಂದು ಅಡ್ಡಬಿದ್ದಳು.

ಫಲಿತಾಂಶದ ಪತ್ರಿಕೆ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂತು. ಪದ್ಮಾಕ್ಷಿಯ ನಂಬರು ಅದರಲ್ಲಿತ್ತು. ಡೊಂಬಯ್ಯ ತಾನೇ ಪಾಸಾದವನಂತೆ ಎದೆಯುಬ್ಬಿಸಿ ಹುಂಜ ಹಿಡಿದುಕೊಂಡು ಹೋದರೆ, ಅಮ್ಮ ಮುಂಗಡವಾಗಿಯೇ ಎರಡು ಕೊಟ್ಟಿದ್ದಾಳೆಂದು ಅಲ್ಲಿ ತಿಳಿಯಿತು. ಊರಿಡೀ ಮುದುಕಿಯ ವಿದ್ಯಾಪ್ರೇಮವನ್ನು ಹೊಗಳಿತು. ಡೊಂಬಯ್ಯನಿಗೆ ಇದನ್ನು ಸಹಿಸಲಾಗಲಿಲ್ಲ. ಹುಡುಗಿಯನ್ನು ಪಾಸು ಮಾಡಿಸಿದ್ದು ಯಾರ ಕೋಳಿ ಎಂದು ತಾಯಿಗೂ ಮಗನಿಗೂ ಜಗಲಿಯಲ್ಲಿ ಜಟಾಪಟಿ ಹತ್ತಿಕೊಂಡಿತು. ತನ್ನದು ದಪ್ಪ ಹುಂಜ ಎಂದು ಅವನು, ತನ್ನವು ಮೊದಲು ಹೋದವು ಎಂದು ಅವಳು.

ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ ಪದ್ಮಾಕ್ಷಿ ಕೇಳಿ ಕೇಳಿ ಸಾಕಾಗಿ ಹೊರಗೆ ಬಂದಳು.

"ಅಜ್ಜಿ, ನಾನು ಓದಿದ್ದೂ ಸ್ವಲ್ಪ ಉಂಟು."

ಕಾವೇರಮ್ಮ ಜಗಳ ಬಿಟ್ಟು ಮೊಮ್ಮಗಳ ಮುಖವನ್ನೇ ನೋಡಿದಳು. ನಾಳೆ ಈ ಮುಖ ಮನೆಯಲ್ಲಿರುವುದಿಲ್ಲ ಎಂದು ನೆನೆದು ಅವಳ ಕಣ್ಣು ತುಂಬಿ ಬಂತು.

"ಗೊತ್ತುಂಟು ಮಗಾ," ಎಂದಳು. "ನೀನು ಓದುವುದನ್ನು ನೋಡಿ ಹೆದರಿಯೇ ನಾನು ಮೊದಲು ದೈವದ ಹತ್ತಿರ ಓಡಿದ್ದು."